ಪಾರ್ಕಿಂಗ್ ಕಾಲಂಗಳಲ್ಲಿ ಉದ್ದುದ್ದ ಬಿರುಕು, ತುಕ್ಕಿನ ನೀರು: ಪ್ಲಾಸ್ಟರ್ ಮಾಡಿದರೆ ಸಾಕಾ?

ಕೋಡಿಬಾಗ_16ಮನೆ:

ಕಾರವಾರದ ಕೋಡಿಬಾಗ ಕಡೆ, ಸಮುದ್ರದಿಂದ ಸುಮಾರು 600 ಮೀಟರ್ ಒಳಗೆ ಇರುವ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ 4 ಮಹಡಿ, 16 ಮನೆ. 2006ರಲ್ಲಿ ಮುಗಿದದ್ದು. ಪಾರ್ಕಿಂಗ್‌ನಲ್ಲಿ 14 ಕಾಲಂ, ಅಳತೆ ಪ್ಲಾಸ್ಟರ್ ಬಿಟ್ಟು 230 x 450 ಮಿ.ಮೀ. ಅದರಲ್ಲಿ 4 ಕಾಲಂಗಳ ಮೂಲೆಗುಂಟ ಮೇಲಿಂದ ಕೆಳಗೆ ಬಿರುಕು ಬಿಟ್ಟಿದೆ. ಒಂದೆರಡು ಕಡೆ ಹೊಸ ಕಾರ್ಡು ಸಲೀಸಾಗಿ ಒಳಗೆ ಹೋಗುತ್ತದೆ. ಬಿರುಕಿನಿಂದ ಕಂದು ಬಣ್ಣದ ನೀರು ಇಳಿದ ಕಲೆ. ಸುತ್ತಿಗೆಯ ಹಿಡಿಯಿಂದ ಬಡಿದರೆ ಟೊಳ್ಳು ಸದ್ದು. ನಾಲ್ಕರಲ್ಲಿ ಮೂರು ಪಶ್ಚಿಮದ ಬದಿಯವು, ನಾಲ್ಕನೆಯದು ಸಂಪಿನ ಪಕ್ಕದ್ದು. ಮಳೆಗಾಲದಲ್ಲಿ ಪಾರ್ಕಿಂಗ್‌ನಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ.

ಟೆರೇಸ್ ಮೇಲೆ ಎರಡು ವರ್ಷದ ಹಿಂದೆ 2000 ಲೀಟರಿನ 4 ಟ್ಯಾಂಕ್ ಹೆಚ್ಚಿಗೆ ಕೂರಿಸಿದ್ದಾರೆ, ನಾಲ್ಕೂ ನೈಋತ್ಯ ಮೂಲೆಯಲ್ಲಿ. ಈಗ ಚೌತಿಯೊಳಗೆ ಕಾಲಂಗಳಿಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿ ಬಣ್ಣ ಹೊಡೆಸೋಣ ಎಂದು ಸಂಘದಲ್ಲಿ ತೀರ್ಮಾನ. ನಾಲ್ಕನೇ ಮಹಡಿಯವರು "ಅದು ಪಾರ್ಕಿಂಗ್ ಇರುವವರ ತಾಪತ್ರಯ, ನಾವ್ಯಾಕೆ ದುಡ್ಡು ಕೊಡಬೇಕು" ಎನ್ನುತ್ತಿದ್ದಾರೆ.

ಇದು ಬೀಳುವ ಹಂತದ್ದಾ? ಯಾವ ಟೆಸ್ಟ್, ಯಾವ ಕ್ರಮದಲ್ಲಿ? ರಿಪೇರಿ ಅಂದರೆ ನಿಜವಾಗಿ ಏನು ಮಾಡಬೇಕು?

ಬೀಮ್_ಕಾಲಂ:

ಪ್ಲಾಸ್ಟರ್ ಕೆಲಸ ಇವತ್ತೇ ನಿಲ್ಲಿಸಿ. ಆ ಬಿರುಕು ಈಗ ನಿಮಗಿರುವ ಒಂದೇ ಅಳತೆಗೋಲು, ಅದನ್ನು ಮುಚ್ಚಿದರೆ ಮುಂದಿನ ಆರು ತಿಂಗಳಲ್ಲಿ ಏನಾಯಿತೆಂದು ಯಾರಿಗೂ ಕಾಣುವುದಿಲ್ಲ.

ಬಿರುಕುಗಳಲ್ಲಿ ಜಾತಿ ಇದೆ. ಪ್ಲಾಸ್ಟರಿನ ಮೇಲೆ ಜೇಡರ ಬಲೆಯಂಥ ಕೂದಲೆಳೆ ಬಿರುಕು ಒಣಗುವಾಗ ಆದದ್ದು, ಬಿಟ್ಟುಬಿಡಿ. ಚಿರೆಕಲ್ಲಿನ ಗೋಡೆ ಬೀಮಿನ ಅಡಿಗೆ ಸೇರುವಲ್ಲಿ ಅಡ್ಡಗೆರೆ ಬಂದರೆ ಎರಡು ಬೇರೆ ವಸ್ತು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಿದ್ದು, ಅದಕ್ಕೂ ಹೆದರಬೇಕಿಲ್ಲ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು, ಜೊತೆಗೆ ಬಾಗಿಲು ಹಿಡಿಯುವುದು ಅಂದರೆ ಪಾಯ ಒಂದು ಕಡೆ ಇಳಿಯುತ್ತಿದೆ. ಗಜನಿ ಗದ್ದೆಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕೆಂಪು ಮಣ್ಣು ತುಂಬಿಸಿ ಕಟ್ಟಿದ ಕಡೆ ಇದು ಹೆಚ್ಚು. ಬೀಮಿನ ತುದಿಯಲ್ಲಿ ಕಾಲಂ ಹತ್ತಿರ ಓರೆ ಬಿರುಕು ಬಂದರೆ ಗಂಭೀರ. ನೀವು ಹೇಳಿದ್ದು ಕಾಲಂ ಮೂಲೆಯ ರಾಡಿನ ಗುಂಟ ನೆಟ್ಟಗೆ ಓಡಿದ ಬಿರುಕು, ಮೇಲೆ ಕಂದು ಕಲೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಹೊರಗಿನ ಕಾಂಕ್ರೀಟ್ ಸಿಪ್ಪೆಯಂತೆ ಏಳುತ್ತದೆ. ಟೊಳ್ಳು ಸದ್ದು ಬರುವುದು ಅದಕ್ಕೇ.

ಬೀಳುತ್ತದಾ ಎಂಬುದಕ್ಕೆ ಲೆಕ್ಕ ನೋಡಿ. ಒಳಗಿನ ಒಂದು ಕಾಲಂ ಸುಮಾರು 14 ಚದರ ಮೀಟರ್ ನೆಲ ಹೊರುತ್ತದೆ ಎಂದುಕೊಳ್ಳಿ. ಸ್ಲ್ಯಾಬ್, ಬೀಮ್, ಗೋಡೆ, ಜನ, ಸಾಮಾನು ಸೇರಿ ಚದರ ಮೀಟರಿಗೆ ಸರಿಸುಮಾರು 1.2 ಟನ್. ಟೆರೇಸ್ ಸೇರಿ 5 ಸ್ಲ್ಯಾಬ್. ಒಟ್ಟು 84 ಟನ್. 230 x 450 ಕಾಲಂಗೆ ಎಂ20 ಕಾಂಕ್ರೀಟ್ (ಬಲ 20 ಎಂಪಿಎ, ಅಂದರೆ ಚದರ ಮಿ.ಮೀ.ಗೆ 20 ನ್ಯೂಟನ್), 16 ಮಿ.ಮೀ.ನ 8 ರಾಡ್ ಹಾಕಿದ್ದರೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 456ರ ಸೂತ್ರದಂತೆ ಅದು ಸುರಕ್ಷಿತವಾಗಿ ಹೊರುವುದು 86 ಟನ್ ಆಸುಪಾಸು. ಕಾಗದದ ಮೇಲೇ ಅಲ್ಲಿಗಲ್ಲಿಗೆ. ಕಾಂಕ್ರೀಟ್ 20ರ ಬದಲು 12 ಬಲದ್ದಾಗಿದ್ದರೆ ಅದೇ ಕಾಲಂ 64 ಟನ್‌ಗೆ ಇಳಿಯುತ್ತದೆ. ಇನ್ನು ಸಿಪ್ಪೆಯ ಲೆಕ್ಕ: ನಾಲ್ಕೂ ಮುಖದಲ್ಲಿ 40 ಮಿ.ಮೀ. ಕವರ್ (ರಾಡ್ ಹೊರಗಿನ ಕಾಂಕ್ರೀಟ್ ಪದರ) ಬಿಟ್ಟುಕೊಂಡರೆ ಉಳಿಯುವ ಗಟ್ಟಿ ಭಾಗ 150 x 370. ಅಂದರೆ ಮೊದಲಿದ್ದ ಅಡ್ಡಕೊಯ್ತದ ಶೇ. 54 ಮಾತ್ರ. ಆ ನಾಲ್ಕು ಟ್ಯಾಂಕ್ ತುಂಬಿದಾಗ ನೀರಿನ ತೂಕವೇ 8 ಟನ್, ಅದೂ ಪಶ್ಚಿಮ ಬದಿಯಲ್ಲೇ.

ಹಾಗಾದರೆ ಇನ್ನೂ ಯಾಕೆ ನಿಂತಿದೆ? ಡಿಸೈನ್‌ನಲ್ಲಿ ಭಾರಕ್ಕೆ 1.5, ಕಾಂಕ್ರೀಟಿಗೆ ಇನ್ನೊಂದು 1.5 ಎಂದು ಮೀಸಲು ಇಟ್ಟಿರುತ್ತಾರೆ. ಈಗ ನೀವು ಆ ಮೀಸಲಿನ ಮೇಲೆ ಬದುಕುತ್ತಿದ್ದೀರಿ. ಎಷ್ಟು ಉಳಿದಿದೆ ಎಂದು ಟೆಸ್ಟ್ ಮಾಡದೆ ಯಾರೂ ಹೇಳಲಾರರು. ಬೀಮ್ ಆದರೆ ಬಾಗಿ, ಬಿರುಕು ಅಗಲವಾಗಿ, ದಿನಗಟ್ಟಲೆ ಸೂಚನೆ ಕೊಡುತ್ತದೆ. ಕಾಲಂ ಹಾಗಲ್ಲ. ಅದರ ರಾಡ್‌ಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳು ಸವೆದ ಮೇಲೆ ಉದ್ದದ ರಾಡ್ ಹೊರಗೆ ಬಾಗುತ್ತದೆ, ನಡುವಿನ ಕಾಂಕ್ರೀಟ್ ಪುಡಿಯಾಗುತ್ತದೆ, ಅದರ ಭಾರ ಪಕ್ಕದ ಕಾಲಂಗಳ ಮೇಲೆ ಬೀಳುತ್ತದೆ. 8 ಮಿ.ಮೀ. ರಿಂಗ್ 6ಕ್ಕೆ ಸವೆದರೆ ಕಣ್ಣಿಗೆ 2 ಮಿ.ಮೀ. ಅಷ್ಟೇ ಅನ್ನಿಸುತ್ತದೆ, ಕಬ್ಬಿಣದಲ್ಲಿ ಶೇ. 44 ಹೋಯಿತು.

ಟೆಸ್ಟ್‌ಗಳು ಈ ಕ್ರಮದಲ್ಲಿ. 14 ಕಾಲಂಗೂ ನಂಬರ್ ಬರೆದು ಪ್ರತಿ ಬಿರುಕಿನ ಉದ್ದ, ಅಗಲ, ತಾರೀಖು ನಕ್ಷೆಯಲ್ಲಿ ಗುರುತು ಮಾಡಿ. ಕವರ್ ಮೀಟರ್‌ನಿಂದ ರಾಡ್ ಎಷ್ಟು ಆಳದಲ್ಲಿದೆ, ರಿಂಗ್ ಎಷ್ಟು ಅಂತರದಲ್ಲಿದೆ ನೋಡಿಸಿ. ಆಮೇಲೆ ಕಾಂಕ್ರೀಟಿನೊಳಗೆ ಶಬ್ದದ ಅಲೆ ಕಳಿಸುವ ಅಲ್ಟ್ರಾಸಾನಿಕ್: ಸೆಕೆಂಡಿಗೆ 3 ಕಿ.ಮೀ.ಗಿಂತ ಕಡಿಮೆ ವೇಗ ಬಂದ ಕಡೆ ಕಾಂಕ್ರೀಟ್ ಅನುಮಾನದ್ದು. ರಾಡಿನ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಟೆಸ್ಟ್‌ನಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಆಚೆ ಹೋದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಕೊನೆಗೆ ಕೋರ್ (ಬಲ ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟ್ ತುಂಡು), ಕನಿಷ್ಠ 3. ಸರಾಸರಿ ಬಲ ಬೇಕಾದ್ದರ ಶೇ. 85 ಇರಬೇಕು, ಯಾವ ಒಂದೂ ಶೇ. 75ಕ್ಕಿಂತ ಕೆಳಗೆ ಇರಬಾರದು. ಕೋರ್ ತೆಗೆಯುವವ ರಾಡ್ ಕತ್ತರಿಸದಂತೆ ಮೊದಲು ಸ್ಕ್ಯಾನ್ ಮಾಡಬೇಕು. ತೂತನ್ನು ಕುಗ್ಗದ ಗ್ರೌಟ್‌ನಿಂದ ತುಂಬಿಸಬೇಕು. ತೀರಾ ಹಾಳಾದ ಕಾಲಂಗೆ ಆಧಾರ ಕೊಡದೆ ಡ್ರಿಲ್ ಇಡಬೇಡಿ.

ಮೇಲ್ಮೈಗೆ ಬಡಿದು ಪುಟಿತ ಅಳೆಯುವ ರಿಬೌಂಡ್ ಹ್ಯಾಮರ್ ಒಂದನ್ನೇ ಹೊಡೆದು "28 ಬಂತು, ಗಟ್ಟಿ ಇದೆ" ಎಂದು ಬರೆದುಕೊಡುವವರನ್ನು ನಂಬಬೇಡಿ. ಹಳೆ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡಿಗೆ ಗಟ್ಟಿಯಾಗಿರುತ್ತದೆ. ಹ್ಯಾಮರ್ ಓದುವುದು ಆ ಚರ್ಮವನ್ನು.

ಉಸುಕು_ಜಲ್ಲಿ:

ಮೇಲಿನ ಸರ್ ಒಂದು ಮುಖ್ಯ ಟೆಸ್ಟ್ ಬಿಟ್ರು. ನಮ್ಮ ಕರಾವಳಿಯಲ್ಲಿ ಉಪ್ಪಿನ ಟೆಸ್ಟ್ ಇಲ್ಲದೆ ವರದಿ ಪೂರ್ತಿ ಅಲ್ಲ. ಡ್ರಿಲ್ ಹಾಕಿ 0-20, 20-40, 40-60 ಮಿ.ಮೀ. ಆಳದ ಪುಡಿಯನ್ನ ಬೇರೆ ಬೇರೆ ಪೊಟ್ಟಣದಲ್ಲಿ ಲ್ಯಾಬಿಗೆ ಕೊಡಿ. ಕಾಂಕ್ರೀಟ್ ಹಾಕುವಾಗ ಐಎಸ್ 456 ಬಿಡುವ ಮಿತಿ ಘನ ಮೀಟರಿಗೆ 0.6 ಕಿಲೋ ಕ್ಲೋರೈಡ್. ವರದಿಯಲ್ಲಿ ಕಾಂಕ್ರೀಟ್ ತೂಕದ ಶೇಕಡಾ ಲೆಕ್ಕದಲ್ಲಿ ಬಂದ್ರೆ ಅದು 0.025ರ ಹತ್ತಿರ. ಹೊರಗೆ ಹೆಚ್ಚು, ಒಳಗೆ ಹೋದ ಹಾಗೆ ಕಡಿಮೆ ಆದ್ರೆ ಉಪ್ಪು ಗಾಳಿಯಿಂದ, ನಿಂತ ನೀರಿನಿಂದ ಬಂದದ್ದು. ಮೂರೂ ಪೊಟ್ಟಣದಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಬಂದ್ರೆ ಉಪ್ಪು ಹುಟ್ಟುವಾಗಲೇ ಒಳಗಿತ್ತು: ಅಳಿವೆ ಉಸುಕು, ಇಲ್ಲ ಉಪ್ಪಾದ ಬಾವಿ ನೀರು. ಎರಡಕ್ಕೂ ಔಷಧಿ ಬೇರೆ. ಎರಡನೇದಾದ್ರೆ 4 ಕಾಲಂ ಅಲ್ಲ, 14 ಕಾಲಂ, ಮೇಲಿನ ಬೀಮ್ ಎಲ್ಲಾ ಅದೇ ದಾರಿಯಲ್ಲಿ ಇವೆ, ಇವು ನಾಲ್ಕು ಮೊದಲು ಬಾಯಿ ಬಿಟ್ಟವು ಅಷ್ಟೇ.

ಅಳಿವೆಯೊಳಗೆ ಭರತದ ನೀರು ಮೈಲಿಗಟ್ಟಲೆ ಮೇಲೆ ಬರ್ತದೆ. ಅಲ್ಲಿಯ ಉಸುಕು ನೋಡಲಿಕ್ಕೆ ಹೊಳೆ ಉಸುಕಿನ ಹಾಗೇ ಇರ್ತದೆ. ಬಾಯಿಗೆ ಹಾಕಿ ನೋಡುವ ಗೌಂಡಿಗಳ ಪರೀಕ್ಷೆ ಇಲ್ಲಿ ಸಾಲುದಿಲ್ಲ, ನಾಲಗೆಗೆ ತಿಳಿಯದಷ್ಟು ಉಪ್ಪೂ ರಾಡಿಗೆ ಸಾಕು. ಒಂದು ಗ್ಲಾಸ್ ಡಿಸ್ಟಿಲ್ಡ್ ನೀರಲ್ಲಿ ಉಸುಕು ಕದಡಿ, ಸೋಸಿ, ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ನೀರು ಹಾಲಿನ ಹಾಗೆ ಕದಡಿದ್ರೆ ಆ ಲೋಡ್ ವಾಪಸ್ ಕಳಿಸಿ. ಆರ್‌ಸಿಸಿಗೆ ಬಳಸುವ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಏಪ್ರಿಲ್-ಮೇನಲ್ಲಿ ಸಮುದ್ರದ ಬದಿ ಬಾವಿಗಳ ನೀರು ಟೆಸ್ಟ್ ಮಾಡದೆ ಕ್ಯೂರಿಂಗಿಗೂ ಬಿಡಬಾರದು.

ನೀರಿನ ಪ್ರಮಾಣವೂ ಅಷ್ಟೇ. 50 ಕಿಲೋ ಸಿಮೆಂಟ್ ಚೀಲಕ್ಕೆ 25 ಲೀಟರ್ ಅಂದ್ರೆ ನೀರು-ಸಿಮೆಂಟ್ ಅನುಪಾತ 0.5. ಬಾಂಡ್ಲಿಯಲ್ಲಿ ಹೊತ್ತು ಹಾಕುವಾಗ ಸಲೀಸಾಗ್ಲಿ ಅಂತ ಪೈಪ್ ಬಿಡ್ತಾರೆ, 35 ಲೀಟರ್ ದಾಟ್ತದೆ. ಹೆಚ್ಚಿನ ನೀರು ಆವಿಯಾಗಿ ಹೋದ ಜಾಗದಲ್ಲಿ ಸೂಜಿಮೊನೆ ತೂತುಗಳು ಉಳಿತವೆ, ಉಪ್ಪು ನುಗ್ಗುವುದು ಆ ದಾರೀಲೇ. ಮಳೆಗಾಲದಲ್ಲಿ ಒದ್ದೆ ಉಸುಕಿನಲ್ಲೇ ನೀರಿರ್ತದೆ, ಅದನ್ನ ಕಳೆದು ಹಾಕುವ ಲೆಕ್ಕ ಯಾರೂ ಇಡುವುದಿಲ್ಲ.

ಕಾಲಂನಲ್ಲಿ ಹೆಚ್ಚಾಗಿ ಕೆಡುವುದು ಬುಡದ ಒಂದಡಿ. 10 ಅಡಿ ಎತ್ತರದ ಪೆಟ್ಟಿಗೆಗೆ ಮೇಲಿಂದ ಕಾಂಕ್ರೀಟ್ ಸುರಿತಾರೆ. ಒಂದೂವರೆ ಮೀಟರಿಗಿಂತ ಮೇಲಿಂದ ಬಿದ್ರೆ ಜಲ್ಲಿ ಮೊದಲು ಕೆಳಗೆ ಹೋಗಿ ಕೂತ್ಕೊಳ್ತದೆ, ಸಿಮೆಂಟ್ ಹಾಲು ಸೆಂಟ್ರಿಂಗ್ ಸಂದಿನಿಂದ ಸೋರಿ ಹೋಗ್ತದೆ. ಪೆಟ್ಟಿಗೆ ಬಿಚ್ಚಿದಾಗ ಜೇನುಗೂಡಿನ ಹಾಗೆ ಕಾಣ್ತದೆ, ಎಂಜಿನಿಯರ್ ಬರುವುದರೊಳಗೆ ಸಿಮೆಂಟ್ ಸವರಿ ಮುಚ್ತಾರೆ. ಅದೇ ಬುಡದಲ್ಲಿ ಎಲ್ಲಾ ರಾಡಿನ ಜೋಡಣೆಯೂ ಇರ್ತದೆ, ವೈಬ್ರೇಟರ್ ಸೂಜಿ ಇಳಿಯಲಿಕ್ಕೇ ಜಾಗ ಇಲ್ಲ. ನಿಮ್ಮಲ್ಲಿ ಮಳೆ ನೀರು ನಿಲ್ಲುವುದೂ ಸರಿಯಾಗಿ ಅಲ್ಲೇ, ಪಾದದ ಮಟ್ಟಕ್ಕೆ!

ಇನ್ನು ಕವರ್. ಸಮುದ್ರದ ಗಾಳಿಗೆ ತೆರೆದ ಕಾಂಕ್ರೀಟಿಗೆ ಕೋಡ್ ಪ್ರಕಾರ 45 ಮಿ.ಮೀ. ಕವರ್, ಎಂ30 ದರ್ಜೆ, ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟ್, ನೀರು-ಸಿಮೆಂಟ್ 0.45. ಸಿರ್ಸಿಯ ಕಡೆ ಕಟ್ಟುವ ಎಂ20 ಲೆಕ್ಕವನ್ನೇ ಘಟ್ಟ ಇಳಿಸಿ ಇಲ್ಲಿ ಹಾಕಿದ್ರೆ ಹೀಗೇ ಆಗುವುದು. ಕವರ್ ಬ್ಲಾಕ್ ಬದಲು ಚಿರೆಕಲ್ಲಿನ ಚೂರು ಸಿಕ್ಕಿಸ್ತಾರೆ. ಚಿರೆಕಲ್ಲು ನೀರು ಕುಡಿಯುವ ಕಲ್ಲು ಮಾರಾಯ್ರೆ, ಹೊರಗಿನ ಉಪ್ಪುನೀರನ್ನ ರಾಡಿನ ತನಕ ತಂದು ಮುಟ್ಟಿಸ್ತದೆ.

ಬಣ್ಣ_ಮತ್ತು_ಬುರುಡೆ:

ಇಷ್ಟೆಲ್ಲ ಹೆದರಿಸಬೇಡಿ. ತುಕ್ಕು ಉಜ್ಜಿ, ಕನ್ವರ್ಟರ್ (ಉಳಿದ ತುಕ್ಕಿಗೆ ಹಚ್ಚುವ ರಾಸಾಯನಿಕ) ಹಚ್ಚಿ, ಪಾಲಿಮರ್ ಬೆರೆಸಿದ ಪ್ಲಾಸ್ಟರ್ ಮಾಡಿದರೆ ಹತ್ತು ವರ್ಷಕ್ಕೆ ಚಿಂತೆ ಇಲ್ಲ. ಎಲ್ಲ ಅಪಾರ್ಟ್‌ಮೆಂಟ್‌ನಲ್ಲೂ ಮಾಡುವುದು ಇದನ್ನೇ.

ಜಾಕೆಟಿಂಗ್_ಕುಮಟಾ:

ಮಾಡುವುದು ಇದನ್ನೇ ಎಂಬುದು ನಿಜ. ಎರಡು ಮಳೆಗಾಲ ಕಳೆದ ಮೇಲೆ ತೇಪೆಯ ಅಂಚಿನ ಆಚೆ ಹೊಸ ಬಿರುಕು ಬರುವುದೂ ಇದರಿಂದಲೇ. ಉಪ್ಪು ತುಂಬಿದ ಕಾಂಕ್ರೀಟಿನಲ್ಲಿ ಒಂದಡಿ ಮಾತ್ರ ಕೆತ್ತಿ ಹೊಸ ಮಾರ್ಟರ್ ತುಂಬಿದರೆ, ಅದೇ ರಾಡಿನ ಹಳೆ ಕಾಂಕ್ರೀಟಿನೊಳಗಿನ ಭಾಗ ಮೊದಲಿಗಿಂತ ಜೋರಾಗಿ ಸವೆಯುತ್ತದೆ. ಇದು ಬ್ಯಾಟರಿಯಂತೆ. ಅಷ್ಟು ದಿನ ತುಕ್ಕು ಹಿಡಿಯುತ್ತಿದ್ದ ಜಾಗ ಪಕ್ಕದ ಜಾಗವನ್ನು ಕಾಯುತ್ತಿತ್ತು, ನೀವು ಅದನ್ನು ವಾಸಿ ಮಾಡಿದಿರಿ, ಪಕ್ಕದ್ದು ಬಲಿಯಾಯಿತು. ತಡೆಯಬೇಕಾದರೆ ತೇಪೆಯ ಅಂಚಿನಲ್ಲಿ ಸತುವಿನ ಆನೋಡ್ ಬಿಲ್ಲೆಗಳನ್ನು ರಾಡಿಗೆ ಕಟ್ಟಬೇಕು, ರಾಡ್‌ಗಳ ನಡುವೆ ವಿದ್ಯುತ್ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಬೇಕು. ಅಲ್ಲದೆ ಪ್ಲಾಸ್ಟರ್ ಭಾರ ಹೊರುವುದಿಲ್ಲ. ಹೋದ ಶೇ. 46 ಭಾಗವನ್ನು ಅದು ವಾಪಸ್ ತಂದುಕೊಡುವುದಿಲ್ಲ.

ಕೆಲಸದ ಕ್ರಮ ಹೀಗಿರಬೇಕು. ಮೊದಲು ಮೇಲಿನ ಭಾರ ಇಳಿಸುವುದು: ಹೆಚ್ಚಿಗೆ ಕೂರಿಸಿದ ಟ್ಯಾಂಕ್ ಖಾಲಿ, ಟೆರೇಸ್‌ನ ಮಣ್ಣಿನ ಕುಂಡ, ಹಳೆ ಟೈಲ್ಸ್ ರಾಶಿ ಕೆಳಗೆ. ಆಮೇಲೆ ಆಧಾರ. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸೆಂಟ್ರಿಂಗ್‌ನವರ ಕಬ್ಬಿಣದ ಜಾಕ್ ಒಂದು, 3 ಮೀಟರ್ ಎತ್ತಿದಾಗ, ಒಂದೂವರೆ ಎರಡು ಟನ್ ಹೊರುತ್ತದೆ. ಕಾಲಂ ಮೇಲೆ 84 ಟನ್ ಇದೆ. ಸುತ್ತ ಆರು ಜಾಕ್ ನಿಲ್ಲಿಸಿದರೆ ಮನಸ್ಸಿಗೆ ಸಮಾಧಾನ ಅಷ್ಟೇ. ಎಂಜಿನಿಯರ್ ಲೆಕ್ಕ ಹಾಕಿದ ಉಕ್ಕಿನ ಸೆಕ್ಷನ್‌ಗಳ ಕಾಲುಗಳು ಬೇಕು. ಅವು ಬೀಮಿನ ಅಡಿಗೆ ಬಿಗಿಯಾಗಿ ತಾಗಿರಬೇಕು, ಸ್ಲ್ಯಾಬ್ ನಡುವಿಗಲ್ಲ.

ಕೆತ್ತುವುದು ಒಂದು ಸಲಕ್ಕೆ ಒಂದೇ ಕಾಲಂ, ಪಕ್ಕಪಕ್ಕದ್ದು ಒಟ್ಟಿಗೆ ಯಾವತ್ತೂ ಬೇಡ. ದೊಡ್ಡ ಬ್ರೇಕರ್ ಬೇಡ, ಉಳಿ ಅಥವಾ ಹಗುರ ಮಷಿನ್ ಸಾಕು. ರಾಡಿನ ಹಿಂದೆ ಬೆರಳು ಹೋಗುವಷ್ಟು, 20ರಿಂದ 25 ಮಿ.ಮೀ., ತೆಗೆಯಬೇಕು. ಮುಂಭಾಗ ಮಾತ್ರ ಉಜ್ಜಿದರೆ ಹಿಂದಿನ ತುಕ್ಕು ಹಾಗೇ ಉಳಿಯುತ್ತದೆ. ತುಕ್ಕು ಹೊಳೆಯುವ ತನಕ ತೆಗೆದು ವರ್ನಿಯರ್‌ನಲ್ಲಿ ಅಳೆಯಿರಿ. 16ರ ರಾಡ್ 14ಕ್ಕೆ ಬಂದಿದ್ದರೆ ಶೇ. 23 ಹೋಗಿದೆ, ಪಕ್ಕದಲ್ಲಿ ಹೊಸ ರಾಡ್ ಬೇಕು. ಸತುವಿನ ಪ್ರೈಮರ್, ಬಾಂಡಿಂಗ್ ಎಪಾಕ್ಸಿ ಹಚ್ಚಿ, ಎಪಾಕ್ಸಿ ಇನ್ನೂ ಅಂಟಂಟಾಗಿರುವಾಗಲೇ ಕಾಂಕ್ರೀಟ್ ಬೀಳಬೇಕು. ಒಣಗಿದ ಮೇಲೆ ಹಾಕಿದರೆ ಅದು ಅಂಟುವ ಬದಲು ಬೇರ್ಪಡಿಸುವ ಪದರ ಆಗುತ್ತದೆ. ಹಳೆ ಕಾಲಂ ಸುತ್ತ ಹೊಸ ರಾಡ್, ಕಾಂಕ್ರೀಟ್ ಹಾಕಿ ತೊಡಿಸುವ ಕವಚಕ್ಕೆ ಜಾಕೆಟ್ ಎನ್ನುತ್ತಾರೆ; ಈ ಒಂದು ತಪ್ಪಿಗೆ ಹಾಳಾದ ಜಾಕೆಟ್‌ಗಳಿಗೆ ಲೆಕ್ಕವಿಲ್ಲ.

ಜಾಕೆಟ್ ಸುತ್ತಲೂ ಕನಿಷ್ಠ 100 ಮಿ.ಮೀ. ದಪ್ಪ, ಹಳೆ ಕಾಂಕ್ರೀಟಿಗಿಂತ ಕನಿಷ್ಠ 5 ಎಂಪಿಎ ಹೆಚ್ಚು ಬಲದ್ದು. 230 x 450 ಇದ್ದದ್ದು 430 x 650 ಆಗುತ್ತದೆ. ಪಾರ್ಕಿಂಗ್‌ನಲ್ಲಿ ಜಾಗ ಹೋಯಿತು ಎಂದು ಜಗಳ ಬರುತ್ತದೆ, ಈಗಲೇ ಹೇಳಿಡಿ. ಹೊಸ ರಾಡ್ ಕೆಳಗೆ ಕಾಲಂನ ಪಾಯವಾದ ಫೂಟಿಂಗ್‌ಗೆ ಕೂರಬೇಕು. ಮೇಲೆ ಬೀಮ್ ದಾಟಿ ಮುಂದಿನ ಮಹಡಿಗೆ ಹೋಗಬೇಕು. ನೆಲದಿಂದ ಸೀಲಿಂಗ್ ತನಕ ಮಾತ್ರ ಅಂಗಿ ತೊಡಿಸಿದರೆ ಭಾರ ಆ ಅಂಗಿಗೆ ಇಳಿಯುವುದೇ ಇಲ್ಲ. ಫೂಟಿಂಗ್ ಬಿಚ್ಚುವಾಗ ಎಚ್ಚರ: ಕೋಡಿಬಾಗದಲ್ಲಿ ಮರಳು ನೆಲ, ನೀರು ಮೇಲೇ ಇದೆ. ಪಂಪ್ ಹಾಕಿ ಎಳೆದರೆ ನೀರಿನ ಜೊತೆ ಪಕ್ಕದ ಫೂಟಿಂಗ್ ಅಡಿಯ ಮರಳೂ ಬರುತ್ತದೆ. ಹಾಗಾಗಿ ಈ ಭಾಗ ಮಳೆ ಪೂರ್ತಿ ನಿಂತ ಮೇಲೆ. ಈಗ ಆಗಬೇಕಾದ್ದು ಭಾರ ಇಳಿಸುವುದು, ಆಧಾರ, ಟೆಸ್ಟ್.

ಬೀಮ್_ಕಾಲಂ:

ಉಪ್ಪಿನ ಟೆಸ್ಟ್ ಸೇರಿಸಿದ್ದು ಸರಿ, ನನ್ನ ಪಟ್ಟಿಯಲ್ಲಿ ತಪ್ಪಿತ್ತು. ಜಾಕೆಟಿಂಗ್ ಡಿಸೈನ್ ಮಾಡುವವರಿಗೆ ಇನ್ನೊಂದು ವಿಷಯ ನೆನಪಿಸಿ: 2016ರ ಭೂಕಂಪ ನಕ್ಷೆಯಲ್ಲಿ ಉತ್ತರ ಕನ್ನಡ ವಲಯ 3ರಲ್ಲಿದೆ. ಮೇಲೆ ಗೋಡೆಗಳಿರುವ ಗಟ್ಟಿ ಪೆಟ್ಟಿಗೆ, ಕೆಳಗೆ ಬರೀ ಕಂಬಗಳ ಪಾರ್ಕಿಂಗ್. 2001ರ ಜನವರಿ 26ರಂದು ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲಿ ಬಿದ್ದದ್ದು ಇಂಥವೇ. ಭೂಕಂಪ ತಡೆಯುವ ಕಾಂಕ್ರೀಟ್ ಕಟ್ಟಡಗಳ ಕೋಡ್ ಐಎಸ್ 13920ರ 2016ರ ರೂಪದಲ್ಲಿ 300 ಮಿ.ಮೀ.ಗಿಂತ ಸಣ್ಣ ಕಾಲಂ ಇಲ್ಲ, ರಿಂಗಿನ ಕೊಕ್ಕೆ 135 ಡಿಗ್ರಿ ಒಳಗೆ ಮಡಚಿರಬೇಕು. 90 ಡಿಗ್ರಿಗೆ ಮಡಚಿದ ಕೊಕ್ಕೆ ಕವರ್ ಉದುರಿದ ಕ್ಷಣ ಬಿಚ್ಚಿಕೊಳ್ಳುತ್ತದೆ. ಕೆತ್ತಿದಾಗ ಆ ಕೊಕ್ಕೆಯ ಫೋಟೊ ತೆಗೆಸಿ.

ಕೋಡಿಬಾಗ_16ಮನೆ:

ಎಲ್ಲರಿಗೂ ಧನ್ಯವಾದ. ನಿನ್ನೆ ಟ್ಯಾಂಕ್ ಖಾಲಿ ಮಾಡಿಸಿದೆವು. 3ನೇ ನಂಬರಿನ ಕಾಲಂನಲ್ಲಿ ಪ್ಲಾಸ್ಟರ್ ಒಂದಡಿ ತೆಗೆದಾಗ ರಿಂಗ್ ಒಂದು ಕೈಯಲ್ಲೇ ತುಂಡಾಗಿ ಬಂತು. ಉಳಿದ ರಿಂಗ್‌ಗಳ ಅಂತರ 250 ಮಿ.ಮೀ. ಜನ ಇರಬಹುದಾ? ದುಡ್ಡಿನ ಜಗಳಕ್ಕೆ ಕಾನೂನು ಏನು ಹೇಳುತ್ತದೆ?

ಕಾಗದಪತ್ರ:

ದುಡ್ಡಿನದು ಮೊದಲು, ಸುಲಭ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರಲ್ಲಿ ಪಾಯ, ಕಾಲಂ, ಬೀಮ್, ಮುಖ್ಯ ಗೋಡೆ, ಮಾಡು ಎಲ್ಲವೂ ಸಾಮಾನ್ಯ ಭಾಗಗಳು. ಪಾರ್ಕಿಂಗ್ ಯಾರದ್ದೇ ಇರಲಿ, ಕಾಲಂ 16 ಮನೆಯದು. ನಾಲ್ಕನೇ ಮಹಡಿಯವರ ಮನೆ ನಿಂತಿರುವುದೂ ಅದರ ಮೇಲೆಯೇ. ಕಟ್ಟಿದವರ ಹೊಣೆ ಕೇಳಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ದಾರಿ ಸಿಗುವುದಿಲ್ಲ, ಅದರಲ್ಲಿ ರಚನಾ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ, ನಿಮ್ಮದು 2006ರದ್ದು. ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 1981ರ 12 ಮಹಡಿಯ ಸಮುದ್ರ ತೀರದ ಟವರಿಗೆ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು: ಈಜುಕೊಳದ ಡೆಕ್ ಕೆಳಗೆ ನೀರು ಇಳಿಯುತ್ತಿದೆ, ಕಾಂಕ್ರೀಟ್ ಹಾಳಾಗಿದೆ ಎಂದು. ಖರ್ಚಿನ ಹಂಚಿಕೆಯ ಚರ್ಚೆ ವರ್ಷಗಟ್ಟಲೆ ನಡೆಯಿತು. 2021ರ ಜೂನ್ 24ರ ರಾತ್ರಿ ಒಂದೂಕಾಲು ದಾಟಿದ ಮೇಲೆ ಡೆಕ್ ಮೊದಲು ಕುಸಿಯಿತು, ಕೆಲವೇ ನಿಮಿಷದಲ್ಲಿ ಟವರಿನ ಅರ್ಧಕ್ಕೂ ಹೆಚ್ಚು ಭಾಗ ಕೆಳಗಿತ್ತು. 98 ಜನ ಸತ್ತರು. ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ. ದೂರದ್ದಾಯಿತು ಎಂದರೆ 2014ರ ಜನವರಿ 4ರಂದು ಗಡಿಯಾಚೆ ಗೋವಾದ ಕಾಣಕೋಣದಲ್ಲಿ, 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಬಿದ್ದದ್ದನ್ನು ನೆನಪಿಸಿ. ಅವೆರಡೂ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳು, ತುಕ್ಕು ಹಿಡಿಯುವ ವಯಸ್ಸೂ ಆಗಿರಲಿಲ್ಲ.

ನಗರಸಭೆ ಪೌರಾಯುಕ್ತರಿಗೆ ಲಿಖಿತ ಅರ್ಜಿ, ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ. ಕಾಲಂ ನಂಬರ್, ಬಿರುಕಿನ ಫೋಟೊ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದದ್ದು, ಮಂಜೂರಾದ ನಕ್ಷೆಯ ನಕಲು ಜೊತೆಗಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಬೀಮ್_ಕಾಲಂ:

ರಿಂಗ್ ಕೈಯಲ್ಲಿ ತುಂಡಾಯಿತು ಅಂದರೆ ಲೆಕ್ಕ ಬದಲಾಯಿತು. 230ರ ಕಾಲಂಗೆ ರಿಂಗಿನ ಅಂತರ ಹೆಚ್ಚೆಂದರೆ 230 ಇರಬೇಕಿತ್ತು, ಮೊದಲೇ 250, ಒಂದು ಹೋದರೆ ನಡುವೆ ಅರ್ಧ ಮೀಟರ್ ರಾಡಿಗೆ ಹಿಡಿತವೇ ಇಲ್ಲ. 3ನೇ ಕಾಲಂ ಯಾವ ಮನೆಗಳನ್ನು ಹೊರುತ್ತದೋ ಆ ಸಾಲಿನ ಎಲ್ಲ ಮಹಡಿಯವರು ಎಂಜಿನಿಯರ್ ಬಂದು ಆಧಾರ ಕೊಡಿಸುವ ತನಕ ಬೇರೆಡೆ ಮಲಗಲಿ. ಪಾರ್ಕಿಂಗ್ ಖಾಲಿ ಮಾಡಿ. ಉಳಿದವರಿಗೆ: ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಎಪಾಕ್ಸಿ ಹಾಕಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ, ಕಾಲಂ ಮುಖ ಹೊಟ್ಟೆ ಬಿಟ್ಟಂತೆ ಉಬ್ಬಿದರೆ, ಜಲ್ಲಿ ಪುಡಿ ಉದುರಿದರೆ, ನಿನ್ನೆ ಮುಚ್ಚುತ್ತಿದ್ದ ಬಾಗಿಲು ಇವತ್ತು ಹಿಡಿದರೆ, ಗೋಡೆಯೊಳಗೆ ಚಟಪಟ ಸದ್ದು ಕೇಳಿದರೆ ಎಲ್ಲರೂ ಹೊರಗೆ. ಲಿಫ್ಟ್ ಬೇಡ, ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಕಟ್ಟಡದ ಎತ್ತರಕ್ಕಿಂತ ದೂರ ಹೋಗಿ ನಿಂತು 112ಕ್ಕೆ ಕರೆ ಮಾಡಿ.

ಜಾಕೆಟಿಂಗ್_ಕುಮಟಾ:

ನಾಲ್ಕನೇ ಕಾಲಂ ಸಂಪಿನ ಪಕ್ಕ ಎಂದಿರಿ. ಆಧಾರದ ಕಾಲುಗಳನ್ನು ಸಂಪಿನ ಮುಚ್ಚಳದ ಸ್ಲ್ಯಾಬ್ ಮೇಲೆ ನಿಲ್ಲಿಸಲು ಬಿಡಬೇಡಿ. ಅದು ನಾಲ್ಕೈದು ಇಂಚಿನ ಸ್ಲ್ಯಾಬ್, ಅಡಿಯಲ್ಲಿ ಟೊಳ್ಳು. ಕಾಲು ನಿಲ್ಲುವ ಕಡೆ ಟೈಲ್ಸ್ ತೆಗೆಸಿ, ಗಟ್ಟಿ ನೆಲದ ಮೇಲೆ ಉಕ್ಕಿನ ದಪ್ಪ ಪ್ಲೇಟ್ ಹಾಸಿಸಿ. ಸಂಪಿನ ಒಳಗೋಡೆ ಸೋರುತ್ತಿದೆಯೇ ಎಂದು ಎರಡು ದಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ನೋಡಿ.